ಐವತ್ತಕ್ಕೊಂದು, ನೂರೈವತ್ತಕ್ಕೊಂದು

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರ್ ರೈಲುಹಾದಿಯನ್ನು ಪ್ರವಾಸಿಗರು ಅದರ ಕಣಿವೆಗಳಿಗಾಗಿ, ಮಳೆಗಾಲದ ಝರಿಗಳಿಗಾಗಿ, ಒಂದರ ಹಿಂದೊಂದು ಬಂದು ಡಬ್ಬಿಯನ್ನು ಕತ್ತಲಾಗಿಸುವ 57 ಸುರಂಗಗಳಿಗಾಗಿ ಮೆಚ್ಚುತ್ತಾರೆ. ಆದರೆ ಸಾರಿಗೆಗೆ ಎಷ್ಟು ಇಂಧನ ಬೇಕು, ಅದನ್ನು ಎಲ್ಲಿ ಉಳಿಸಬಹುದು ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟ ಪ್ರಯಾಣಿಕನಿಗೆ ಅಲ್ಲಿ ಕಾಣಬೇಕಾದದ್ದು ಹಳಿಯ ಅಂಚಿನಲ್ಲಿ ಹುಲ್ಲಿನ ನಡುವೆ ನಿಂತಿರುವ ಏರಿಳಿತದ ಫಲಕ. ಈ ಘಟ್ಟದ ಏರು ಐವತ್ತಕ್ಕೊಂದು. ಅಂದರೆ 50 ಮೀಟರ್ ಮುಂದೆ ಸಾಗುವಷ್ಟರಲ್ಲಿ ಹಳಿ ಒಂದು ಮೀಟರ್ ಮೇಲೇರಿರುತ್ತದೆ. ಸ್ಕೂಟರ್ ಸವಾರನ ಗಮನಕ್ಕೂ ಬಾರದ ಈ ಅಲ್ಪ ಏರು ರೈಲಿನ ಪಾಲಿಗೆ ಬೆಟ್ಟವಾಗಿ ಪರಿಣಮಿಸುವುದೇಕೆ ಎಂಬುದನ್ನು ತಿಳಿದರೆ ಸಾರಿಗೆಯ ಇಂಧನ ಸಂಶೋಧನೆಯ ಅರ್ಧ ಕಥೆ ತಿಳಿದಂತೆಯೇ.

ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ತಾಗುವ ಜಾಗ ಹೆಚ್ಚೆಂದರೆ ಒಂದು ರೂಪಾಯಿ ನಾಣ್ಯದಷ್ಟು. ಎರಡೂ ಗಟ್ಟಿಯಾಗಿರುವುದರಿಂದ ಭಾರ ಬಿದ್ದಾಗ ಹೆಚ್ಚು ಅಪ್ಪಚ್ಚಿಯಾಗುವುದಿಲ್ಲ, ಹೀಗಾಗಿ ಉರುಳುವಾಗ ಕಸುವು ಹೆಚ್ಚು ಸೋರುವುದೂ ಇಲ್ಲ. ಸಮತಟ್ಟಾದ ಹಳಿಯ ಮೇಲೆ ನಿಧಾನವಾಗಿ ಸಾಗುವ ಒಂದು ಟನ್ ಭಾರವನ್ನು ಮುಂದೂಡಲು ಒಂದೂವರೆ ಎರಡು ಕಿಲೋಗ್ರಾಂ ತೂಕದಷ್ಟು ಬಲ ಸಾಕು. ರಸ್ತೆಯ ಮೇಲಿನ ಲಾರಿಯ ಟೈರು ಹಾಗಲ್ಲ. ಪ್ರತಿ ಸುತ್ತಿನಲ್ಲೂ ರಬ್ಬರ್ ಕೆಳಗೆ ಚಪ್ಪಟೆಯಾಗಿ ಮೇಲೆ ಬರುವಾಗ ಮತ್ತೆ ಉಬ್ಬಬೇಕು, ಆ ಹಿಗ್ಗುಕುಗ್ಗಿನಲ್ಲಿ ಇಂಧನದ ಒಂದು ಪಾಲು ಬಿಸಿಯಾಗಿ ಹೋಗುತ್ತದೆ, ಆದ್ದರಿಂದ ಅಲ್ಲಿ ಟನ್ನಿಗೆ ಆರರಿಂದ ಎಂಟು ಕಿಲೋಗ್ರಾಂ ಬಲ ಬೇಕಾಗುತ್ತದೆ. ಉದ್ದದ ಓಟ ಮುಗಿಸಿ ನಿಂತ ಲಾರಿಯ ಟೈರನ್ನು ಮುಟ್ಟಿ ನೋಡಿದವರಿಗೆ ಈ ವ್ಯತ್ಯಾಸವನ್ನು ಸೂತ್ರ ಬರೆದು ವಿವರಿಸಬೇಕಾಗಿಲ್ಲ.

ಏರು ಬಂದಾಗ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಐವತ್ತಕ್ಕೊಂದರ ಏರಿನಲ್ಲಿ ಪ್ರತಿ ಟನ್ನೂ ಇಪ್ಪತ್ತು ಕಿಲೋಗ್ರಾಂ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಸಮತಟ್ಟಿನಲ್ಲಿ ಎರಡಕ್ಕೆ ಮುಗಿಯುತ್ತಿದ್ದ ಕೆಲಸಕ್ಕೆ ಇಲ್ಲಿ ಇಪ್ಪತ್ತೆರಡು ಬೇಕು. ನುಣುಪಾದ ಗಾಲಿಯಿಂದ ರೈಲು ಗಳಿಸಿದ ಲಾಭವನ್ನೆಲ್ಲ ಘಟ್ಟ ಒಂದೇ ಏಟಿಗೆ ಕಿತ್ತುಕೊಳ್ಳುತ್ತದೆ. ಸಾವಿರ ಟನ್ನಿನ ರೈಲೊಂದನ್ನು ಸುಮಾರು 800 ಮೀಟರ್ ಎತ್ತರಕ್ಕೆ ಒಯ್ಯುವುದೆಂದರೆ, ಘರ್ಷಣೆ, ಗಾಳಿ, ಎಂಜಿನ್ನಿನ ನಷ್ಟ ಎಲ್ಲವನ್ನೂ ಬದಿಗಿಟ್ಟು ಬರೀ ಎತ್ತುವ ಕೆಲಸಕ್ಕೇ ಸುಮಾರು 2,180 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಬೇಕು. ಗೃಹಜ್ಯೋತಿ ಯೋಜನೆಯ ಮಿತಿಯಾದ ತಿಂಗಳಿಗೆ 200 ಯೂನಿಟ್ಟಿನ ಲೆಕ್ಕದಲ್ಲಿ ಅದು ಒಂದು ಮನೆಯ ಹನ್ನೊಂದು ತಿಂಗಳ ಬಳಕೆ. ಭಾರದ ರೈಲುಗಳಿಗೆ ಇಲ್ಲಿ ಹಿಂದಿನಿಂದ ನೂಕುವ ಹೆಚ್ಚುವರಿ ಎಂಜಿನ್ನುಗಳನ್ನು ಜೋಡಿಸುವುದು ಇದೇ ಕಾರಣಕ್ಕೆ. ರೈಲ್ವೆಯವರ ಬಾಯಲ್ಲಿ ಅವುಗಳ ಹೆಸರು ಬ್ಯಾಂಕರ್.

ಹತ್ತುವಾಗ ಕೊಟ್ಟದ್ದು ಇಳಿಯುವಾಗ ಮರಳಿ ಸಿಗಬೇಕಲ್ಲ ಎಂಬುದು ಸಹಜವಾದ ನಿರೀಕ್ಷೆ. ಮೀಟರ್ ಗೇಜಿನ ಮಾರ್ಗವಾಗಿ 1979ರಲ್ಲಿ ತೆರೆದು, 1996ರಲ್ಲಿ ಗೇಜ್ ಪರಿವರ್ತನೆಗಾಗಿ ಮುಚ್ಚಿ, 2006ರಲ್ಲಿ ಸರಕು ರೈಲುಗಳಿಗೆ ಮತ್ತೆ ತೆರೆದುಕೊಂಡ ಈ ಘಟ್ಟದಲ್ಲಿ ದಶಕಗಳ ಕಾಲ ಆದದ್ದೇ ಬೇರೆ. ಡೀಸೆಲ್ ಎಂಜಿನ್ ಎಂದು ಕರೆಯುವ ಯಂತ್ರದಲ್ಲಿ ಗಾಲಿ ತಿರುಗಿಸುವುದು ವಾಸ್ತವವಾಗಿ ವಿದ್ಯುತ್ ಮೋಟಾರು. ಡೀಸೆಲ್ ಉರಿದು ಜನರೇಟರನ್ನು ತಿರುಗಿಸುತ್ತದೆ, ಜನರೇಟರು ಮೋಟಾರಿಗೆ ವಿದ್ಯುತ್ ಊಡುತ್ತದೆ. ಇಳಿಯುವಾಗ ಅದೇ ಮೋಟಾರನ್ನು ಗಾಲಿಗಳೇ ತಿರುಗಿಸಿ, ಅದು ಜನರೇಟರಾಗಿ ಮಾರ್ಪಟ್ಟು ರೈಲನ್ನು ತಡೆಹಿಡಿಯುತ್ತದೆ. ಆದರೆ ಹೀಗೆ ಹುಟ್ಟಿದ ವಿದ್ಯುತ್ತಿಗೆ ಹೋಗಲು ದಾರಿಯಿಲ್ಲದ್ದರಿಂದ ಅದನ್ನು ಎಂಜಿನ್ನಿನೊಳಗಿನ ತಂತಿಸುರುಳಿಗಳಲ್ಲಿ ಕಾಯಿಸಿ, ಫ್ಯಾನ್ ಹಾಕಿ ಗಾಳಿಗೆ ಊದಲಾಗುತ್ತದೆ. ಉಳಿದದ್ದನ್ನು ಬ್ರೇಕಿನ ಕಟ್ಟೆಗಳು ತಿನ್ನುತ್ತವೆ. ಘಟ್ಟದ ನಡುವಿನ ಯಡಕುಮರಿ ನಿಲ್ದಾಣದ ಸುತ್ತಿನ ತಣ್ಣನೆಯ ಕಾಡಿನಲ್ಲಿ ಕಿಟಕಿಯಿಂದ ಒಳನುಗ್ಗುತ್ತಿದ್ದ ಸುಟ್ಟ ಬ್ರೇಕಿನ ವಾಸನೆ, ಹತ್ತುವಾಗ ಖರ್ಚಾದ ಡೀಸೆಲಿನ ಕೊನೆಯ ರೂಪ.

ಕರಾವಳಿಗೆ ಇಳಿದು ಮಂಗಳೂರಿನ ಉತ್ತರಕ್ಕೆ ತೋಕೂರು ತಲುಪಿದಾಗ ರೈಲುಹಾದಿಯ ಸ್ವಭಾವವೇ ಬದಲಾಗುತ್ತದೆ. ಇಲ್ಲಿಂದ ಮಹಾರಾಷ್ಟ್ರದ ರೋಹಾದವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಕೊಂಕಣ ರೈಲುಮಾರ್ಗದ ನಿಯಾಮಕ ಏರು, ಅಂದರೆ ಇಡೀ ಹಾದಿಯಲ್ಲಿ ಮೀರಬಾರದೆಂದು ಮೊದಲೇ ವಿಧಿಸಿಕೊಂಡ ಅತಿ ಕಡಿದಾದ ಏರು, ನೂರೈವತ್ತಕ್ಕೊಂದು. ಟನ್ನಿಗೆ ಇಪ್ಪತ್ತು ಕಿಲೋಗ್ರಾಂ ಇದ್ದ ಹಿಂಜಗ್ಗು ಇಲ್ಲಿ ಏಳಕ್ಕಿಂತ ಕಡಿಮೆ. ಅಮೆರಿಕದ ಎಂಜಿನಿಯರ್ ಆರ್ಥರ್ ವೆಲಿಂಗ್ಟನ್ ರೈಲುಹಾದಿಯನ್ನು ಎಲ್ಲಿ ಹಾಯಿಸಬೇಕೆಂಬುದರ ಅರ್ಥಶಾಸ್ತ್ರವನ್ನು ಕುರಿತು 1877ರಲ್ಲಿಯೇ ಗ್ರಂಥ ಪ್ರಕಟಿಸಿದ್ದ. ಕಟ್ಟುವ ದಿನ ಉಳಿಸಿದ ಹಣವನ್ನು ಪ್ರತಿ ಏರೂ ಪ್ರತಿ ರೈಲಿನಿಂದ ವಸೂಲು ಮಾಡುತ್ತಲೇ ಹೋಗುತ್ತದೆ ಎಂಬುದು ಆ ವಿಚಾರಧಾರೆಯ ತಿರುಳು. ಇಂಧನ ಮಿತವ್ಯಯವೆಂದರೆ ಹೊಸ ಎಂಜಿನ್, ಹೊಸ ಬ್ಯಾಟರಿ ಎಂದಷ್ಟೇ ಯೋಚಿಸುವ ಇಂದಿನ ಅಭ್ಯಾಸ ಮರೆತಿರುವುದು ಇದನ್ನೇ. ಎಂಜಿನ್ ಮೂವತ್ತು ವರ್ಷಕ್ಕೆ ಗುಜರಿ ಸೇರುತ್ತದೆ. ಹಾದಿ ನೂರು ವರ್ಷ ಇರುತ್ತದೆ.

ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದು 1990ರಲ್ಲಿ, ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಮಂತ್ರಿಯಾಗಿದ್ದಾಗ. ಕೇಂದ್ರದ ನೂರಕ್ಕೆ 51 ಪಾಲಿನ ಜೊತೆಗೆ ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6 ಪಾಲು ಹಾಕಿದವು, ಇ. ಶ್ರೀಧರನ್ ಕಟ್ಟುವ ಹೊಣೆ ಹೊತ್ತರು. ನದಿಗಳು ಘಟ್ಟದಿಂದ ಕಡಲಿಗೆ ಹರಿಯುತ್ತವೆ, ಹಳಿ ಅವುಗಳಿಗೆ ಅಡ್ಡಲಾಗಿ ಹಾಯಬೇಕು. ಹೀಗಾಗಿ ಪ್ರತಿ ಹೊಳೆಗೊಂದು ಸೇತುವೆ, ಗುಡ್ಡದ ಪ್ರತಿ ಚಾಚಿಗೊಂದು ಸುರಂಗ ಅನಿವಾರ್ಯವಾಯಿತು. ಗುಡ್ಡ ಹತ್ತಿ ಇಳಿಯುವ ಅಗ್ಗದ ದಾರಿಯನ್ನು ಬಿಟ್ಟು, ಕೊರೆದು ಹಾಯುವ ದುಬಾರಿ ದಾರಿಯನ್ನು ಆರಿಸಿದ ಫಲವಾಗಿ ಸಣ್ಣದು ದೊಡ್ಡದು ಸೇರಿ ಸುಮಾರು ಎರಡು ಸಾವಿರ ಸೇತುವೆಗಳು, ಒಟ್ಟು 84 ಕಿಲೋಮೀಟರಿನಷ್ಟು ಉದ್ದದ ತೊಂಬತ್ತಕ್ಕೂ ಮಿಕ್ಕ ಸುರಂಗಗಳು ನಿರ್ಮಾಣವಾದವು. ನೆಲದ ಮಟ್ಟವನ್ನು ಕಾಯ್ದುಕೊಳ್ಳಲು ತೆತ್ತ ಬೆಲೆ ಹಣದ್ದಷ್ಟೇ ಆಗಿರಲಿಲ್ಲ. ಕಾಮಗಾರಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು, ಅವರ ನೆನಪಿನ ಸ್ಮಾರಕ ರತ್ನಾಗಿರಿ ನಿಲ್ದಾಣದಲ್ಲಿದೆ. ಪೂರ್ಣ ಮಾರ್ಗ ತೆರೆದದ್ದು 1998ರ ಜನವರಿ 26ರಂದು.

ಸುರತ್ಕಲ್ ನಿಲ್ದಾಣದ ಬದಿಯಲ್ಲಿ ಪ್ರಯಾಣಿಕ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಸಮತಟ್ಟು ಹಾದಿಯ ಲಾಭವನ್ನು ರಸ್ತೆಯ ಲಾರಿಗಳಿಗೂ ಹಂಚಿದ ಪ್ರಯೋಗವೊಂದು ಇಲ್ಲಿ ಕಣ್ಣೆದುರಿಗೇ ನಡೆಯುತ್ತದೆ. ರೋ-ರೋ ಎಂದು ಕರಾವಳಿಯ ಲಾರಿ ಚಾಲಕರೆಲ್ಲ ಕರೆಯುವ ಈ ಸೇವೆಯಲ್ಲಿ ತುಂಬಿದ ಲಾರಿಯನ್ನು ಇಳಿಸದೆ, ಬಿಚ್ಚದೆ, ಇಳಿಜಾರು ಕಟ್ಟೆಯ ಮೂಲಕ ನೇರವಾಗಿ ಚಪ್ಪಟೆ ವ್ಯಾಗನ್ನಿನ ಮೇಲೆ ಓಡಿಸಿ ನಿಲ್ಲಿಸುತ್ತಾರೆ. ಮೊದಲ ಲಾರಿ ಒಂದು ವ್ಯಾಗನ್ನಿನಿಂದ ಮತ್ತೊಂದಕ್ಕೆ ದಾಟುತ್ತ, ಹಲಗೆಗಳ ಮೇಲೆ ದಡದಡ ಸದ್ದು ಮಾಡುತ್ತ ಎದುರು ತುದಿಯವರೆಗೆ ಸಾಗುತ್ತದೆ; ಉಳಿದವು ಅದರ ಬೆನ್ನಿಗೆ ಬರುತ್ತವೆ. ಚಕ್ರಗಳ ಮುಂದೆ ಹಿಂದೆ ಬೆಣೆ ಬೀಳುತ್ತದೆ, ಸರಪಳಿ ಬಿಗಿಯುತ್ತದೆ. ಮೇಲೆ 25,000 ವೋಲ್ಟಿನ ತಂತಿ ಹಾದುಹೋಗಿರುವುದರಿಂದ ಟಾರ್ಪಾಲಿನ ಎತ್ತರಕ್ಕೆ ಕಟ್ಟುನಿಟ್ಟಿನ ಮಿತಿಯಿದೆ, ಲಾರಿಯ ನೆತ್ತಿ ಹತ್ತುವುದಂತೂ ಸಾವಿಗೆ ಆಹ್ವಾನ. ಚಾಲಕ, ಕ್ಲೀನರ್ ಇಬ್ಬರೂ ತಮ್ಮ ಕ್ಯಾಬಿನ್ನಿನಲ್ಲೇ ಉಳಿಯುತ್ತಾರೆ. ಸ್ಟೀರಿಂಗ್ ಹಿಡಿಯುವ ಕೈ ಖಾಲಿ. ಎದುರಿನ ಗಾಜಿನಲ್ಲಿ ರಸ್ತೆಯ ಬದಲು ಮುಂದಿನ ಲಾರಿಯ ಹಿಂಬದಿ, ಅದರ ಮೇಲಿನ 'ಹಾರ್ನ್ ಪ್ಲೀಸ್' ಬರಹ, ಊರಿನಿಂದ ಊರಿಗೆ ಕದಲದೆ ನಿಂತಿರುತ್ತದೆ.

ಕೊಂಕಣ ರೈಲ್ವೆ ಇದನ್ನು ಆರಂಭಿಸಿದ್ದು 1999ರ ಜನವರಿಯಲ್ಲಿ, ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವಾದ ವೆರ್ಣಾ ನಡುವೆ. ಸುರತ್ಕಲ್ ಆಮೇಲೆ ಸೇರಿತು. ಲಾರಿಯನ್ನು ಹೊತ್ತ ರೈಲು ಸರಕನ್ನಷ್ಟೇ ಅಲ್ಲ, ಲಾರಿಯ ಸ್ವಂತ ತೂಕವನ್ನೂ ಅದರಡಿಯ ವ್ಯಾಗನ್ನಿನ ತೂಕವನ್ನೂ ಎಳೆಯಬೇಕಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಹದಿನೈದು ಟನ್ ಸರಕು, ಹತ್ತು ಟನ್ನಿನ ಲಾರಿ, ಇಪ್ಪತ್ತೈದು ಟನ್ನಿನ ವ್ಯಾಗನ್ ಎಂದಿಟ್ಟುಕೊಂಡರೆ ಒಟ್ಟು ಐವತ್ತು ಟನ್. ಆದರೂ ಟನ್ನಿಗೆ ಎರಡರಂತೆ ಸಮತಟ್ಟಿನಲ್ಲಿ ಇದಕ್ಕೆ ನೂರು ಕಿಲೋಗ್ರಾಂ ಬಲ ಸಾಕು; ಅದೇ ಲಾರಿ ತನ್ನ ಇಪ್ಪತ್ತೈದು ಟನ್ನನ್ನು ಟೈರಿನ ಮೇಲೆ ಹೊತ್ತು ಡಾಂಬರಿನ ಮೇಲೆ ಓಡಿದರೆ ಇನ್ನೂರರ ಹತ್ತಿರ ಬೇಕು. ಇದರ ಮೇಲೆ ಗಾಳಿಯ ಪಾಲು ಬೇರೆ. ರೈಲಿನ ಓಟಕ್ಕೆ ಅಡ್ಡಬರುವ ಬಲವನ್ನು ಡಬ್ಲ್ಯು. ಜೆ. ಡೇವಿಸ್ 1926ರಲ್ಲಿ ಮೂರು ತುಂಡುಗಳಾಗಿ ಬಿಡಿಸಿ ಸೂತ್ರ ಕೊಟ್ಟ: ವೇಗ ಎಷ್ಟಿದ್ದರೂ ಬದಲಾಗದ ಒಂದು ಭಾಗ, ವೇಗದ ಜೊತೆಗೆ ಬೆಳೆಯುವ ಎರಡನೆಯದು, ವೇಗದ ವರ್ಗಕ್ಕೆ ತಕ್ಕಂತೆ ಹಿಗ್ಗುವ ಮೂರನೆಯದು. ಮೂರನೆಯದೇ ಗಾಳಿ. ರಸ್ತೆಯಲ್ಲಿ ಪ್ರತಿಯೊಂದು ಲಾರಿಯೂ ತನ್ನ ಮುಖದಿಂದ ಗಾಳಿಯನ್ನು ಸೀಳಿಕೊಂಡೇ ಸಾಗಬೇಕು, ರೈಲಿನಲ್ಲಿ ಬಹುಪಾಲು ಲಾರಿಗಳು ಮುಂದಿನವುಗಳ ಮರೆಯಲ್ಲಿ ಸಾಗುತ್ತವೆ. ಕಂಟೈನರನ್ನಷ್ಟೇ ಕಳುಹಿಸಿದರೆ ಇನ್ನೂ ಮಿಗಿಲೆಂಬುದರಲ್ಲಿ ಅನುಮಾನವಿಲ್ಲ. ಆದರೆ ಅದಕ್ಕೆ ಎರಡೂ ತುದಿಗಳಲ್ಲಿ ಕ್ರೇನು ಬೇಕು, ಬೇರೆ ಲಾರಿ ಬೇಕು, ಬೇರೆ ಕಾಗದಪತ್ರ ಬೇಕು. ಒಬ್ಬ ಚಾಲಕ, ಒಂದೇ ಲಾರಿ ಇಟ್ಟುಕೊಂಡು ದುಡಿಯುವ ನಮ್ಮ ರಸ್ತೆ ಸಾಗಣೆಯ ರೀತಿಗೆ ರೋ-ರೋ ಒಗ್ಗಿತು, ಅದೇ ಅದರ ಗುಟ್ಟು.

ಈ ಮಾರ್ಗದ ಹಳಿಗಳ ಮೇಲೆ ಇಂದು ಡೀಸೆಲ್ ಅನಿವಾರ್ಯವಲ್ಲ. 2015ರಲ್ಲಿ ಶಂಕುಸ್ಥಾಪನೆಯಾದ ವಿದ್ಯುದೀಕರಣ ಪೂರ್ಣಗೊಂಡು, 2022ರ ಜೂನ್ 20ರಂದು ಬೆಂಗಳೂರಿನಿಂದ ಲೋಕಾರ್ಪಣೆಯಾಯಿತು. ವಿದ್ಯುತ್ ರೈಲಿನ ಹಿರಿಮೆ ಹೊಗೆಯಿಲ್ಲದ ಸುರಂಗವಷ್ಟೇ ಅಲ್ಲ. ತೊಂಬತ್ತರ ದಶಕದಲ್ಲಿ ಯುರೋಪಿನಿಂದ ತಂತ್ರಜ್ಞಾನ ಪಡೆದು ಚಿತ್ತರಂಜನದಲ್ಲಿ ತಯಾರಿಸತೊಡಗಿದ ಮೂರು ಫೇಸ್ ಎಂಜಿನ್ನುಗಳು ಇಳಿಜಾರಿನಲ್ಲಿ, ನಿಲ್ದಾಣ ಸಮೀಪಿಸುವಾಗ, ಹುಟ್ಟಿದ ವಿದ್ಯುತ್ತನ್ನು ತಂತಿಗೇ ಮರಳಿಸಬಲ್ಲವು; ಆಚೆ ಏರು ಹತ್ತುತ್ತಿರುವ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ. ಯಡಕುಮರಿಯ ಕಾಡಿನಲ್ಲಿ ಗಾಳಿಗೆ ಹೋಗುತ್ತಿದ್ದದ್ದು ಇಲ್ಲಿ ಹೀಗೆ ಕೈಸೇರುತ್ತದೆ.

ಆದರೆ ತಂತಿಯಲ್ಲಿ ಹರಿಯುವುದು ಎಲ್ಲಿಂದ ಬಂದದ್ದು ಎಂಬ ಪ್ರಶ್ನೆಗೆ ಇದೇ ಹಾದಿಯ ಇಕ್ಕೆಲಗಳು ಉತ್ತರ ಕೊಡುತ್ತ ಹೋಗುತ್ತವೆ, ಪ್ರವಾಸದ ಅತ್ಯಂತ ಅರ್ಥವತ್ತಾದ ಭಾಗವೂ ಅದೇ. ಮೂಲ್ಕಿ ದಾಟಿ ಉಡುಪಿಯತ್ತ ಸಾಗುವಾಗ ಪಡುಬಿದ್ರಿಯ ಬಳಿ ತೆಂಗು, ಗದ್ದೆಗಳ ಮೇಲಿಂದ ಇಣುಕುವ ಎತ್ತರದ ಚಿಮಣಿ ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ್ದು. 1,200 ಮೆಗಾವಾಟ್ ಸಾಮರ್ಥ್ಯದ ಅದಕ್ಕೆ ಬೇಕಾದ ಆಮದು ಕಲ್ಲಿದ್ದಲು ಪಣಂಬೂರು ಬಂದರಿನಿಂದ ಬರುವುದೂ ರೈಲಿನಲ್ಲೇ. ಹೊಗೆರಹಿತ ರೈಲು ಹೊಗೆಗೆ ಬೇಕಾದ ಸರಕನ್ನು ಸಾಗಿಸುತ್ತ, ಆ ಹೊಗೆಯಿಂದಲೇ ತನ್ನ ಕಸುವನ್ನೂ ಭಾಗಶಃ ಪಡೆಯುವ ಈ ವ್ಯಂಗ್ಯವನ್ನು ಸುತ್ತಲಿನ ರೈತರು, ಮಲ್ಲಿಗೆ ಬೆಳೆಗಾರರು ಸ್ಥಾವರ ಬರುವ ಮೊದಲಿಂದಲೂ ಬೇರೆ ಮಾತುಗಳಲ್ಲಿ ಹೇಳುತ್ತಲೇ ಬಂದಿದ್ದಾರೆ.

ಕುಂದಾಪುರ, ಬೈಂದೂರು, ಭಟ್ಕಳಗಳನ್ನು ಹಿಂದಿಕ್ಕಿ ಹೊನ್ನಾವರಕ್ಕೆ ಬಂದಾಗ ಶರಾವತಿ ಎದುರಾಗುತ್ತದೆ. ಎರಡು ಕಿಲೋಮೀಟರಿಗೂ ಉದ್ದವಾದ, ಕೊಂಕಣ ಮಾರ್ಗದಲ್ಲೇ ಅತಿ ಉದ್ದದ ಸೇತುವೆ ಇಲ್ಲಿನದು. ರೈಲು ಅದನ್ನು ದಾಟಲು ತೆಗೆದುಕೊಳ್ಳುವ ಆ ಕೆಲವು ನಿಮಿಷಗಳಲ್ಲಿ ಕಿಟಕಿಯ ಕೆಳಗೆ ಕಾಣುವ ನೀರಿನಲ್ಲಿ ಬಹುಪಾಲು ಆಗಲೇ ದುಡಿದು ಬಂದ ನೀರು: ಲಿಂಗನಮಕ್ಕಿಯಲ್ಲಿ ನಿಂತು, ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳನ್ನು ತಿರುಗಿಸಿ, ಗೇರುಸೊಪ್ಪೆಯಲ್ಲಿ ಮತ್ತೊಮ್ಮೆ ತಿರುಗಿಸಿ, ಈಗ ಉಪ್ಪುನೀರಿಗೆ ಸೇರಲು ನಿಧಾನಿಸಿದೆ. ದೋಣಿಗಳು ಅದರ ಮೇಲೆ ಅಲುಗದೆ ನಿಂತಿರುತ್ತವೆ. ಈ ವಿದ್ಯುತ್ತಿಗೆ ಹೊಗೆಯಿಲ್ಲ, ಆದರೆ ಮುಳುಗಡೆಯ ಊರುಗಳಿವೆ; ಅಲ್ಲಿಂದ ಎದ್ದ ಎಷ್ಟೋ ಕುಟುಂಬಗಳ ಭೂಮಿಯ ಹಕ್ಕಿನ ತಗಾದೆ ಅರವತ್ತು ವರ್ಷಗಳಾದರೂ ಬಗೆಹರಿದಿಲ್ಲ. ಈಗ ಅದೇ ಕಣಿವೆಯಲ್ಲಿ, ವಿದ್ಯುತ್ ಹೆಚ್ಚಿದ್ದಾಗ ಕೆಳಗಿನ ಜಲಾಶಯದ ನೀರನ್ನು ಮೇಲಕ್ಕೆ ಪಂಪು ಮಾಡಿ, ಬೇಡಿಕೆ ಏರಿದಾಗ ಮತ್ತೆ ಇಳಿಸಿ ವಿದ್ಯುತ್ ಪಡೆಯುವ 2,000 ಮೆಗಾವಾಟಿನ ಯೋಜನೆಯೊಂದು ಚರ್ಚೆಯಲ್ಲಿದೆ. ಬಿಸಿಲು, ಗಾಳಿಯ ವಿದ್ಯುತ್ತನ್ನು ಕೂಡಿಡಲು ಇಂಥದ್ದು ಬೇಕೆಂದು ಎಂಜಿನಿಯರುಗಳು ಹೇಳುತ್ತಾರೆ, ಸಿಂಗಳೀಕಗಳ ಕಾಡನ್ನು ಇದಕ್ಕಾಗಿ ಬಗೆಯಬಾರದೆಂದು ಕಣಿವೆಯ ಜನ ಹೇಳುತ್ತಾರೆ.

ಅಂಕೋಲೆಯಲ್ಲಿ ಇದೇ ಜಗಳದ ಇನ್ನೊಂದು ಮುಖವಿದೆ. ಹುಬ್ಬಳ್ಳಿಯಿಂದ ಘಟ್ಟ ಇಳಿದು ಅಂಕೋಲೆಗೆ ಬರಬೇಕಾದ, ಸುಮಾರು 160 ಕಿಲೋಮೀಟರಿನ ರೈಲುಹಾದಿ ತೊಂಬತ್ತರ ದಶಕದಿಂದ ಕಾಗದದ ಮೇಲಿದೆ, ನ್ಯಾಯಾಲಯಗಳಲ್ಲಿದೆ, ಚುನಾವಣಾ ಭಾಷಣಗಳಲ್ಲಿದೆ. ಕಾಡಿನಲ್ಲಿ ಮಾತ್ರ ಇಲ್ಲ. ಅರಬೈಲು ಘಟ್ಟದಲ್ಲಿ ಸಾಲುಗಟ್ಟಿ ಏದುಸಿರು ಬಿಡುವ ಲಾರಿಗಳನ್ನು ನೋಡಿದರೆ ಈ ರೈಲು ಬೇಕೆನಿಸುತ್ತದೆ, ಅದು ಹಾಯಬೇಕಾದ ಕಾಳಿ, ಬೇಡ್ತಿಗಳ ನಡುವಿನ ಕಾಡನ್ನು ನೋಡಿದರೆ ಬೇಡವೆನಿಸುತ್ತದೆ. ಘಟ್ಟ ಇಳಿಯುವ ಹೊಸ ಹಾದಿ ಕಡಿದಾಗಿದ್ದರೆ ಇಂಧನ ತಿನ್ನುತ್ತದೆ, ಸೌಮ್ಯವಾಗಿದ್ದರೆ ಉದ್ದಕ್ಕೆ ಸುತ್ತಿ ಹೆಚ್ಚು ಕಾಡು ತಿನ್ನುತ್ತದೆ. ಡೀಸೆಲಿನ ಉಳಿತಾಯವನ್ನು ಲೀಟರಿನಲ್ಲಿ ಅಳೆಯಬಹುದು, ಕಾಡನ್ನು ಹೆಕ್ಟೇರಿನಲ್ಲಿ ಅಳೆದರೆ ಅದರ ಬೆಲೆ ತಿಳಿಯುವುದಿಲ್ಲ. ಇರುವ ಘಟ್ಟದ ಹಾದಿಗಳಿಂದ ಪೂರ್ತಿ ಕೆಲಸ ತೆಗೆಯುವ ಮೊದಲು ಹೊಸದೊಂದನ್ನು ಕೊರೆಯುವುದು ಅವಸರದ ತೀರ್ಮಾನವೇ ಆದೀತು.

ಕಾರವಾರದಾಚೆ ಕಾಳಿ. ಅದರ ಮೇಲ್ಗಡೆ ಕದ್ರಾದ ಬಳಿ ಕೈಗಾ ಅಣುಸ್ಥಾವರವಿದೆ. ಅದರ ಮೊದಲನೆಯ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ಅಂದಿನ ವಿಶ್ವದಾಖಲೆ ಬರೆದಿತ್ತು. ಕಲ್ಲಿದ್ದಲು, ನೀರು, ಅಣು, ಮೂರನ್ನೂ ಒಂದು ಜಿಲ್ಲೆಯಿಂದ ಮತ್ತೊಂದಕ್ಕೆ ದಾಟುವಷ್ಟರಲ್ಲಿ ಕಿಟಕಿಯಾಚೆ ಎಣಿಸಬಹುದಾದ ರೈಲುಹಾದಿ ದೇಶದಲ್ಲಿ ಅಪರೂಪ.

ಗೋವಾದ ಮಡಗಾಂವ್ ನಿಲ್ದಾಣದ ಬಳಿ ಒಂದು ಕಾಲಕ್ಕೆ ಎತ್ತರದ ಕಂಬಗಳ ಸಾಲೊಂದಿತ್ತು. ಕೊಂಕಣ ರೈಲ್ವೆಯ ಮುಖ್ಯಸ್ಥರಾಗಿದ್ದ ಬಿ. ರಾಜಾರಾಂ ರೂಪಿಸಿದ ಸ್ಕೈಬಸ್ ಅದರಲ್ಲಿ ತೂಗಾಡಬೇಕಿತ್ತು: ಮೇಲಿನ ತೊಲೆಯೊಳಗೆ ಗಾಲಿ, ಅದರಿಂದ ಕೆಳಗೆ ನೇತುಬಿದ್ದ ಡಬ್ಬಿ, ಕೆಳಗಿನ ರಸ್ತೆಗೆ ತೊಂದರೆಯಿಲ್ಲದ ಅಗ್ಗದ ನಗರ ಸಾರಿಗೆ. 2004ರ ಸೆಪ್ಟೆಂಬರಿನಲ್ಲಿ ಪರೀಕ್ಷಾ ಓಟದ ವೇಳೆ ಅಪಘಾತವಾಗಿ ಒಬ್ಬ ಸಿಬ್ಬಂದಿ ಸತ್ತರು; 2013ರಲ್ಲಿ ಕಂಬಗಳನ್ನೂ ಕಿತ್ತರು. ಸಂಶೋಧನೆ ಎಂಬ ಮಾತಿಗೆ ಸೋಲಿನ ಅರ್ಥವೂ ಸೇರಿದೆ ಎಂಬುದನ್ನು ಒಪ್ಪಿಕೊಂಡವರಿಗೆ ಆ ಪ್ರಯತ್ನದ ಬಗ್ಗೆ ನಗು ಬರಬೇಕಾಗಿಲ್ಲ, ಆದರೆ ಅದೇ ಸಂಸ್ಥೆಯ ಸರಪಳಿ, ಬೆಣೆ, ಚಪ್ಪಟೆ ವ್ಯಾಗನ್ನಿನ ಯೋಜನೆ ಇಂದಿಗೂ ಓಡುತ್ತಿರುವುದನ್ನು ಪಕ್ಕದಲ್ಲಿಟ್ಟು ನೋಡದಿರುವುದೂ ಕಷ್ಟ.

ರತ್ನಾಗಿರಿಯ ಸುತ್ತಲಿನ ಸೀಮೆಯಲ್ಲಿ ನೂರೈವತ್ತಕ್ಕೊಂದರ ಹಟ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಪಾನವಲ್ ನದಿಯ ಕಣಿವೆಯನ್ನು ರೈಲು 64 ಮೀಟರ್ ಎತ್ತರದ ಕಂಬಗಳ ಮೇಲೆ, ಕೆಳಗೆ ಕಣಿವೆಯೊಂದಿದೆ ಎಂಬುದನ್ನೇ ಲೆಕ್ಕಿಸದಂತೆ ದಾಟುತ್ತದೆ. ಕರಬುಡೆಯ ಗುಡ್ಡವನ್ನು ಆರೂವರೆ ಕಿಲೋಮೀಟರ್ ಉದ್ದದ ಸುರಂಗದಲ್ಲಿ, ಗುಡ್ಡವೊಂದಿದೆ ಎಂಬುದನ್ನು ಲೆಕ್ಕಿಸದಂತೆ ಹಾಯುತ್ತದೆ. ಇದೇ ಸೀಮೆಯಲ್ಲಿ ಹೆದ್ದಾರಿ 66 ಚಿಪಳೂಣದ ಬಳಿಯ ಪರಶುರಾಮ ಘಾಟನ್ನು ಹತ್ತಿ ಇಳಿಯುತ್ತದೆ; ಖೇಡದಾಚೆಯ ಕಶೇಡಿ ಘಾಟನ್ನೂ ಹಿಂದೆ ಹಾಗೆಯೇ ಹತ್ತಿ ಇಳಿಯುತ್ತಿತ್ತು. ಸುರಂಗದ ಕತ್ತಲೆಯಲ್ಲಿ ಕುಳಿತ ಲಾರಿ ಚಾಲಕನಿಗೆ ಆ ಘಾಟುಗಳ ಪ್ರತಿ ತಿರುವೂ ಗೇರಿನ ಸದ್ದಿನ ಸಮೇತ ನೆನಪಿರುತ್ತದೆ.

ಕೋಲಾಡಿನಲ್ಲಿ ರೈಲು ನಿಂತ ಮೇಲೆ ಸರಪಳಿ ಸಡಿಲಿಸಿ ಬೆಣೆ ಕೀಳುತ್ತಾರೆ. ಚಾಲಕರು ಒಬ್ಬೊಬ್ಬರಾಗಿ ಎಂಜಿನ್ ಚಾಲೂ ಮಾಡಿ, ಹಲಗೆಗಳ ಮೇಲೆ ದಡದಡ ಸದ್ದು ಮಾಡುತ್ತ ಇಳಿಜಾರು ಕಟ್ಟೆಯಿಂದ ನೆಲಕ್ಕಿಳಿದು ಮುಂಬೈಯತ್ತ ತಿರುಗುತ್ತಾರೆ. ಸುರತ್ಕಲ್ಲಿನಿಂದ 700 ಕಿಲೋಮೀಟರಿಗೂ ಹೆಚ್ಚು ದೂರ ಬಂದಿರುವ ಆ ಲಾರಿಗಳ ಕಿಲೋಮೀಟರ್ ಮಾಪಕದಲ್ಲಿ ಸುರತ್ಕಲ್ಲಿನಲ್ಲಿ ಇದ್ದ ಅಂಕಿಯೇ ಇರುತ್ತದೆ.